ದ್ವೀಪದ ಒಡೆತನ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಬಯಲಿನಲ್ಲಿ ಬೆಳೆದವರಿಗೆ ದ್ವೀಪವೆಂದರೆ ಭೂಗೋಳದ ಪುಸ್ತಕದ ಮಾತು. ಆದರೆ 2019ರ ಆಗಸ್ಟಿನಲ್ಲಿ ವರದೆ ಉಕ್ಕಿದಾಗ ದಂಡೆಯ ಹಳ್ಳಿಗರಿಗೆ ಅದರ ಅರ್ಥ ಮನೆಯ ಹೊಸ್ತಿಲಲ್ಲಿಯೇ ತಿಳಿಯಿತು. ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುವ ಈ ಹೊಳೆ ಹುಟ್ಟುವುದು ಸಾಗರ ತಾಲೂಕಿನಲ್ಲಿ. ಅದೇ ಸಾಗರದವರಾದ ನಾ. ಡಿಸೋಜಾ (1937-2025) ಅವರ ‘ದ್ವೀಪ’ ಕಾದಂಬರಿಯನ್ನು ಆಧರಿಸಿ ಶ್ರೀ ಗಿರೀಶ ಕಾಸರವಳ್ಳಿಯವರು 2002ರಲ್ಲಿ ಅದೇ ಹೆಸರಿನ ಚಿತ್ರವನ್ನು ನಿರ್ದೇಶಿಸಿದರು. ಆ ಚಿತ್ರವನ್ನು ಈಚೆಗೆ ನಮ್ಮ ವಿದ್ಯಾರ್ಥಿಗಳೊಡನೆ ಮತ್ತೊಮ್ಮೆ ನೋಡಿದೆ.

ಇದು ಮುಳುಗಡೆಯ ಕಥೆ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಅಣೆಕಟ್ಟಿನ ನೀರು ಏರುತ್ತದೆ. ಊರವರು ಗಂಟುಮೂಟೆ ಕಟ್ಟುತ್ತಾರೆ. ಸೀತಾಪರ್ವತದ ಮೇಲೆ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಇಷ್ಟೇ ಜನ ಉಳಿಯುತ್ತಾರೆ. ಆದರೂ ಇದು ಅದಕ್ಕಿಂತ ಮಿಗಿಲಾಗಿ ಒಡೆತನದ ಕಥೆಯೆಂದು ನನ್ನ ಅಭಿಪ್ರಾಯ.

ಹೋಲಿಕೆಗಾಗಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳನ್ನು ನೆನೆಯಬಹುದು. 1886ರಲ್ಲಿ ವಿಕ್ಟೋರಿಯಾ ರಾಣಿ ಅವುಗಳನ್ನು ಕ್ಲೂನೀಸ್-ರಾಸ್ ಎಂಬ ಒಂದು ಮನೆತನಕ್ಕೆ ಶಾಶ್ವತವಾಗಿ ಬರೆದುಕೊಟ್ಟಳು. ಅಲ್ಲಿಯ ತೆಂಗಿನ ತೋಟಗಳಲ್ಲಿ ದುಡಿದವರು ಮಲಯ ಕೂಲಿಗಳು. ಅವರಿಗೆ ಸಿಕ್ಕ ಕೂಲಿ ಆ ಮನೆತನವೇ ಹೊರಡಿಸಿದ ಬಿಲ್ಲೆಗಳು. ಅವು ನಡೆಯುತ್ತಿದ್ದುದು ಒಡೆಯರ ಅಂಗಡಿಯಲ್ಲಿ ಮಾತ್ರ. 1978ರಲ್ಲಿ ಆಸ್ಟ್ರೇಲಿಯ ಸರಕಾರ ಅರವತ್ತೆರಡೂವರೆ ಲಕ್ಷ ಡಾಲರು ಕೊಟ್ಟು ದ್ವೀಪಗಳ ಬಹುಭಾಗವನ್ನು ಕೊಂಡಿತು. ಆ ಹಣ ಹೋದದ್ದು ಪತ್ರವಿದ್ದವರಿಗೆ. ತಲೆಮಾರುಗಳಿಂದ ದುಡಿದವರ ಮಕ್ಕಳು, ತಾವು ಯಾರೊಡನೆ ಇರಬೇಕೆಂದು ಮತ ಹಾಕಿದ್ದು 1984ರಲ್ಲಿ.

ಅಲ್ಲಿ ಕಾಗದವೇ ಎಲ್ಲ. ಸೀತಾಪರ್ವತದಲ್ಲಿ ಸರಕಾರದ ನೀರಿನ ಮುಂದೆ ಯಾವ ಕಾಗದವೂ ನಿಲ್ಲುವುದಿಲ್ಲ. ಆದರೆ ಕಾಗದ ಮುಳುಗಿದರೂ ಒಡೆತನದ ಚಟ ಮುಳುಗುವುದಿಲ್ಲವೆಂಬುದನ್ನು ಕಾಸರವಳ್ಳಿಯವರು ಕಂಡಿದ್ದಾರೆ. ನೆರವಿಗೆ ಬಂದ ಕೃಷ್ಣನ ಮೇಲೆ ಗಣಪನಿಗೆ ಸಂಶಯ. ನಾಲ್ಕು ಕಡೆಯೂ ನೀರು ಸುತ್ತಿರುವಾಗ ಅವನು ಕಾಯುವುದು ಹೆಂಡತಿಯನ್ನು! ಕೃಷ್ಣ ಹೊರಟುಹೋಗುತ್ತಾನೆ. ಕತ್ತಲೆಯಲ್ಲಿ ಹುಲಿಯ ಭಯ, ಹೊರಗೆ ಜಡಿಮಳೆ. ಮನೆಯನ್ನು ಉಳಿಸುವವಳು ನಾಗಿ. ಬೆಳಗಾದ ಮೇಲೆ ಗಣಪ ಅದನ್ನು ದೇವರ ಕೃಪೆ ಎನ್ನುತ್ತಾನೆ. ನಾಗಿಯಾಗಿ ಸೌಂದರ್ಯ ಅವರ ಮುಖ ಆಗ ಹೇಳುವುದನ್ನು ಮಾತಿನಲ್ಲಿ ಹೇಳಿದ್ದರೆ ಅದು ಭಾಷಣವಾಗುತ್ತಿತ್ತು. ಚಿತ್ರದ ಅತ್ಯುತ್ತಮ ಗಳಿಗೆ ಅದು.

ಒಂದು ಕೊರತೆಯನ್ನೂ ಹೇಳಬೇಕು. ಊರು ಬಿಟ್ಟವರನ್ನು ಚಿತ್ರ ಹಿಂಬಾಲಿಸುವುದಿಲ್ಲ. ಸ್ವಂತದ್ದೆನ್ನಲು ಅಂಗೈಯಗಲ ನೆಲವೂ ಇಲ್ಲದವನಿಗೆ ಮುಳುಗಡೆಯಲ್ಲಿ ಏನು ಪರಿಹಾರ? ಒಂದು ಮನೆಯ ದುಃಖ ಇಷ್ಟು ಆಳವಾಗಿ ಮೂಡಿದ್ದರಿಂದಲೇ ಊರಿನ ದುಃಖ ಕೊಂಚ ಮಸಕಾಗಿದೆ.

ಚಿತ್ರ ಮುಗಿದ ಮೇಲೆ ನಾನು 1974ರ ಭೂಸುಧಾರಣೆಯ ಮಾತು ತೆಗೆದು, ಉಳುವವನೇ ಹೊಲದೊಡೆಯನಾದ ಬಗೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸುತ್ತಿದ್ದೆ. ಬ್ಯಾಡಗಿ ಕಡೆಯ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ತಾಯಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುವವರು.

“ಸರ್, ಉಳುವವನ ಹೆಸರು ಉತಾರದಾಗ ಬಂತು. ಕಳೆ ತೆಗಿಯಾಕಿ ಹೆಸರು?”

ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಮನೆಯ ಹೊಲದ ಉತಾರದಲ್ಲಿಯೂ ಅಜ್ಜ, ಅಪ್ಪ, ನಾನು ಇಷ್ಟೇ ಹೆಸರುಗಳು. ಆ ಹೊಲದಲ್ಲಿ ಬೆನ್ನು ಬಾಗಿಸಿದ ಅವ್ವನ ಹೆಸರು ಅದರಲ್ಲಿ ಇಲ್ಲವೆಂಬುದು ಅಂದಿನವರೆಗೆ ನನಗೆ ಹೊಳೆದೇ ಇರಲಿಲ್ಲ.

ಇಪ್ಪತ್ತು ವರ್ಷದಿಂದ ಪಾಠ ಹೇಳುವವನಿಗೆ ಹೊಳೆಯದ ಪ್ರಶ್ನೆ ಒಂದು ಚಿತ್ರದಿಂದ ಆ ಹುಡುಗಿಯ ಬಾಯಿಗೆ ಬಂತು. ಕೃತಿಯೊಂದರ ಬೆಲೆಯನ್ನು ಅಳೆಯಲು ನನಗೆ ಬೇರೆ ಸೇರು ಬೇಕಿಲ್ಲ. ಚಿತ್ರ ನೋಡಿದವರು ಮನೆಗೆ ಹೋಗಿ ತಮ್ಮ ಉತಾರವನ್ನೂ ಒಮ್ಮೆ ತೆಗೆದು ನೋಡಲಿ.