ಆಲ್ಬೆರೂನಿ: ಕಂಡುದು, ಕೇಳಿದುದು

ಖ್ವಾರಿಜ್ಮ್ ದೇಶದಲ್ಲಿ 973ರಲ್ಲಿ ಹುಟ್ಟಿದ ಆಲ್ಬೆರೂನಿಯು ಗಣಿತ, ಜ್ಯೋತಿಃಶಾಸ್ತ್ರಗಳಲ್ಲಿ ತನ್ನ ಕಾಲದ ಅಗ್ರಗಣ್ಯರಲ್ಲೊಬ್ಬನು. ರನ್ನನು ಅಜಿತಪುರಾಣವನ್ನು ರಚಿಸಿದ 993ರಲ್ಲಿ ಈತನು ಇಪ್ಪತ್ತರ ತರುಣ. ಗಜ್ನಿಯಲ್ಲಿದ್ದುಕೊಂಡು ಸುಮಾರು 1030ರಲ್ಲಿ ಬರೆದ ಹಿಂದೂದೇಶದ ಗ್ರಂಥದಲ್ಲಿ ಲಿಪಿಗಳನ್ನು ಹೆಸರಿಸುವಾಗ ಕರ್ಣಾಟ ಲಿಪಿಯನ್ನೂ, ಸೇನೆಗಳಲ್ಲಿ ‘ಕನ್ನರ’ರೆನಿಸಿಕೊಂಡ ಯೋಧರು ಆ ದೇಶದವರೆಂಬುದನ್ನೂ ಹೇಳಿದ್ದಾನೆ. ಕನ್ನಡಿಗರು ಇದಕ್ಕೆ ಹಿಗ್ಗುವುದು ಸಹಜ. ಆದರೆ ಆ ವಾಕ್ಯದ ತೂಕವೆಷ್ಟು? ತೂಗುವ ತಕ್ಕಡಿಯನ್ನು ಆತನೇ ಒದಗಿಸಿದ್ದಾನೆ; ಕೇಳಿದುದು ಕಂಡುದಕ್ಕೆ ಸಮವಲ್ಲವೆಂಬುದು ಆ ಗ್ರಂಥದ ಮೊದಲ ಮಾತೇ ಆಗಿದೆ.

ಕಂಡು ಅಳೆದುದಕ್ಕೆ ನಿದರ್ಶನ, ಇಂದು ಪಾಕಿಸ್ತಾನಕ್ಕೆ ಸೇರಿರುವ ನಂದನವೆಂಬ ಕೋಟೆಯಲ್ಲಿ ನಡೆದ ಪ್ರಯೋಗ. ಹಿಂದಿನವರು ಮರುಭೂಮಿಯಲ್ಲಿ ನಡೆದು ಭೂಮಿಯನ್ನು ಅಳೆದಿದ್ದರು. ಈತನು ಆ ಬಳಲಿಕೆಯನ್ನು ಬಿಟ್ಟು, ಕೋಟೆಯ ಬಳಿಯ ಬೆಟ್ಟದ ಎತ್ತರವನ್ನು ಸುಮಾರು 652 ಮೊಳವೆಂದು ಸಾಧಿಸಿ, ಅದರ ನೆತ್ತಿಯಿಂದ ದಿಗಂತವು ಸಮರೇಖೆಗಿಂತ 34 ಕಲೆಗಳಷ್ಟು ತಗ್ಗಿ ತೋರುವುದನ್ನು ಗುರುತಿಸಿ, ಇವೆರಡರಿಂದಲೇ ಭೂಮಿಯ ವ್ಯಾಸಾರ್ಧವನ್ನು ತೆಗೆದನು. ಹೆಸರಿನ ಹೋಲಿಕೆಯಿಂದ ನಂದಿದುರ್ಗವು ನೆನಪಿಗೆ ಬಂದರೆ ತಪ್ಪೇನೂ ಇಲ್ಲ. ಪ್ರಯೋಗಕ್ಕೆ ಮಾತ್ರ ಅದು ಒದಗುವುದು ಕಷ್ಟ. ನಂದಿಯು ಸಮುದ್ರಮಟ್ಟದಿಂದ 1,478 ಮೀಟರು ಎತ್ತರವಿದ್ದರೂ ಈ ಲೆಕ್ಕಕ್ಕೆ ಬೇಕಾದುದು ಬಯಲಿನಿಂದ ಅದರ ಎತ್ತರ, ಮತ್ತು ಕಣ್ಣಿಗೆ ತಡೆಯಿಲ್ಲದ ಸಮತಲ. ಚಿಕ್ಕಬಳ್ಳಾಪುರದ ಬಳಿ ಕಳವಾರದುರ್ಗವಿದೆ. ಚಿಂತಾಮಣಿಯ ಕಡೆ ಅಂಬಾಜಿದುರ್ಗ, ರಹಮಾನಗಡಗಳಿವೆ. ಗೌರಿಬಿದನೂರು, ಶಿಡ್ಲಘಟ್ಟಗಳ ನೆಲವೂ ಏರುತಗ್ಗಿನದೇ. ದಿಗಂತದ ಸ್ಥಾನವು ಒಂದು ಕಲೆ ತಪ್ಪಿದರೂ ಆತನ ವ್ಯಾಸಾರ್ಧವು ನೂರಕ್ಕೆ ಆರರಷ್ಟು ಕೆಡುವುದೆಂಬುದನ್ನು ನೆನೆದರೆ, ಇಂಥ ನೆಲ ಏಕೆ ಒದಗದೆಂಬುದು ತಿಳಿಯುತ್ತದೆ.

ಇದೇ ಕಾರಣದಿಂದ ಆತನ ಫಲವು ಇಂದಿನ ಅಳತೆಗೆ ಕೂದಲೆಳೆಯಷ್ಟೂ ತಪ್ಪಿಲ್ಲವೆಂಬ ಹೊಗಳಿಕೆಯನ್ನು ಎಚ್ಚರದಿಂದ ಕೇಳಬೇಕು. ದಿಗಂತದ ಬಳಿ ಬೆಳಕು ಬಾಗುವುದು ಆ ಗಣನೆಯಲ್ಲಿ ಸೇರಿಲ್ಲ. ಮೊಳದ ಉದ್ದವೂ ವಿವಾದಗ್ರಸ್ತ. ವಿಧಾನದ ಸೊಗಸು ಇದರಿಂದ ಕುಂದುವುದಿಲ್ಲ.

ಕರ್ಣಾಟದ ವಾಕ್ಯಕ್ಕೆ ಇಷ್ಟು ಆಸರೆಯೂ ಇಲ್ಲ. ಆತನು ದಕ್ಷಿಣಕ್ಕೆ ಬಂದವನಲ್ಲ. ಯೋಧರ ಪ್ರಸ್ತಾಪವನ್ನು ನೋಡಿದರೆ ಸುದ್ದಿಯು ದಂಡಿನ ದಾರಿಯಲ್ಲಿಯೇ ಆತನಿಗೆ ಮುಟ್ಟಿರಬೇಕೆಂದು ಊಹಿಸಬಹುದು. ಬ್ರಹ್ಮಗುಪ್ತ, ವರಾಹಮಿಹಿರರನ್ನು ಸಾಲುಸಾಲಾಗಿ ಪರೀಕ್ಷಿಸಿದ ಪಂಡಿತನು ಕನ್ನಡದ ಯಾವ ಗ್ರಂಥವನ್ನೂ ಕೈಗೆತ್ತಿಕೊಂಡಿಲ್ಲ. ಕರ್ಣಾಟ ಲಿಪಿಯ ಹೆಸರು ಅಷ್ಟು ದೂರ ಹರಡಿತ್ತೆಂಬುದಕ್ಕಷ್ಟೇ ಈ ವಾಕ್ಯವು ಸಾಕ್ಷಿಯಾಗಬಲ್ಲದು. ಆ ಲಿಪಿಯಲ್ಲಿ ಶ್ರೀಧರಾಚಾರ್ಯನ ಜಾತಕತಿಲಕವು ರಚಿತವಾದುದು 1049ರಲ್ಲಿ, ಆಲ್ಬೆರೂನಿಯ ಗ್ರಂಥವಾಗಿ ಸುಮಾರು ಹತ್ತೊಂಬತ್ತು ವರ್ಷಗಳು ಕಳೆದ ಮೇಲೆ.