ಕಾರಿನ ಕೋಷ್ಟಕದಲ್ಲಿ ಕಾಣದ ಸಾಲು

ಸಣ್ಣ ಕಾರು ಕೊಳ್ಳಲು ಮಳಿಗೆಗೆ ಹೋದವರ ಕೈಗೆ ಹೊಳಪು ಕಾಗದದ ಮಾಹಿತಿಪತ್ರವೊಂದು ಬರುತ್ತದೆ. ಅದರ ಕೊನೆಯ ಪುಟಗಳಲ್ಲಿ ಒಂದು ಕೋಷ್ಟಕವಿರುತ್ತದೆ. ಎಡಗಡೆ ವೈಶಿಷ್ಟ್ಯಗಳ ಪಟ್ಟಿ. ಮೇಲ್ಗಡೆ ಅದೇ ಕಾರಿನ ಅಗ್ಗದ, ನಡುವಣ ಮತ್ತು ದುಬಾರಿ ಮಾದರಿಗಳ ಹೆಸರು. ಸೌಲಭ್ಯ ಇದ್ದರೆ ಸರಿ ಗುರುತು, ಇಲ್ಲದಿದ್ದರೆ ಅಡ್ಡಗೆರೆ. ನೀವು ಕಾರು ಕೊಳ್ಳದಿದ್ದರೂ ಈ ಕೋಷ್ಟಕವನ್ನು ಒಮ್ಮೆ ವಿಜ್ಞಾನದ ಕಣ್ಣಿನಿಂದ ಓದಿ ನೋಡಿ.

ಮೊದಲ ದೋಷ ತಕ್ಷಣ ಕಾಣುತ್ತದೆ. ಅಲಾಯ್ ಚಕ್ರ, ಹಿಂಗಾಜಿನ ವೈಪರ್, ಸಂಗೀತ ಸಾಧನ, ಏರ್‌ಬ್ಯಾಗ್ ಎಲ್ಲಕ್ಕೂ ಒಂದೇ ಬಗೆಯ ಸರಿ ಗುರುತು. ಗುರುತುಗಳನ್ನು ಎಣಿಸಿದರೆ ನಾಲ್ಕೂ ಸಮ. ಆದರೆ ಭೌತವಿಜ್ಞಾನದ ದೃಷ್ಟಿಯಲ್ಲಿ ಅವು ಸಮವೇ?

ಒಂದು ನಿಜವಾದ ಉದಾಹರಣೆ ನೋಡೋಣ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಭಾರತದ ಐದು ಸಣ್ಣ ಕಾರುಗಳ ಡಿಕ್ಕಿ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿತು. ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ ಮತ್ತು ಫೋಕ್ಸ್‌ವ್ಯಾಗನ್ ಪೋಲೊ, ಇವುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೆ ಡಿಕ್ಕಿ ಹೊಡೆಸಲಾಯಿತು. ವಯಸ್ಕ ಪ್ರಯಾಣಿಕರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ನಕ್ಷತ್ರ. ಎರಡು ಏರ್‌ಬ್ಯಾಗ್ ಇದ್ದ ಪೋಲೊಗೆ ಮಾತ್ರ ಅದೇ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ದೊರೆಯಿತು. ಏರ್‌ಬ್ಯಾಗ್ ಇಲ್ಲದ ಪೋಲೊವನ್ನು ಕಂಪನಿಯು ಭಾರತದ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು.

ಇಷ್ಟು ವ್ಯತ್ಯಾಸ ಏಕೆ? ಗಂಟೆಗೆ 64 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17.8 ಮೀಟರ್. 70 ಕಿ.ಗ್ರಾಂ. ರಾಶಿಯ ಪ್ರಯಾಣಿಕನ ಚಲನಶಕ್ತಿ ಆಗ ಸುಮಾರು 11,000 ಜೂಲ್. 16 ಮೀಟರ್ ಎತ್ತರದಿಂದ, ಅಂದರೆ ಸುಮಾರು ಐದಂತಸ್ತಿನ ಕಟ್ಟಡದಿಂದ ಬಿದ್ದವನೂ ಇದೇ ವೇಗದಲ್ಲಿ ನೆಲ ಮುಟ್ಟುತ್ತಾನೆ. ಈ ಚಲನಶಕ್ತಿ ಎಷ್ಟು ದೂರದಲ್ಲಿ ಕರಗುತ್ತದೆ ಎಂಬುದೇ ಮುಖ್ಯ. ವೇಗದ ವರ್ಗವನ್ನು ನಿಲ್ಲುವ ದೂರದ ಎರಡರಷ್ಟರಿಂದ ಭಾಗಿಸಿ. ತಲೆ 5 ಸೆಂ.ಮೀ. ಅಂತರದಲ್ಲಿ ನಿಂತರೆ ಋಣ ವೇಗೋತ್ಕರ್ಷ ಗುರುತ್ವದ 320 ಪಟ್ಟು ದಾಟುತ್ತದೆ; 50 ಸೆಂ.ಮೀ. ಸಿಕ್ಕರೆ ಸುಮಾರು 32 ಪಟ್ಟು. ಕಾರಿನ ಮುಂಭಾಗ ಕುಸಿಯುವುದು, ಸೀಟ್ ಬೆಲ್ಟ್ ಹಿಡಿಯುವುದು, ಏರ್‌ಬ್ಯಾಗ್ ಉಬ್ಬಿ ಮತ್ತೆ ಇಳಿಯುವುದು, ಮೂರರ ಕೆಲಸವೂ ಈ ದೂರವನ್ನು ಗಳಿಸಿಕೊಡುವುದೇ. ಬೆಲ್ಟ್ ಧರಿಸದವನಿಗೆ ಏರ್‌ಬ್ಯಾಗ್ ಪೂರ್ಣ ರಕ್ಷಣೆ ನೀಡಲಾರದು ಎಂಬುದನ್ನೂ ಮರೆಯಬೇಡಿ.

ಎರಡನೆಯ ದೋಷ ಇನ್ನೂ ಆಳವಾದುದು. ಅದೇ ಪರೀಕ್ಷೆಯಲ್ಲಿ ಪೋಲೊ ಮತ್ತು ಫಿಗೊಗಳ ಒಡಲು ಸ್ಥಿರವಾಗಿ ಉಳಿಯಿತು. ಉಳಿದ ಮೂರರ ಒಡಲು ಬೇರೆ ಬೇರೆ ಪ್ರಮಾಣದಲ್ಲಿ ಕುಸಿದಿತ್ತು. ಅವಕ್ಕೆ ಏರ್‌ಬ್ಯಾಗ್ ಅಳವಡಿಸಿದರೂ ಪ್ರಯೋಜನವಾಗದು ಎಂದು ಸಂಸ್ಥೆ ತಿಳಿಸಿತು. ಪ್ರಯಾಣಿಕ ಕುಳಿತ ಗೂಡೇ ಕುಸಿದರೆ ಚೀಲ ಉಬ್ಬಿ ಏನು ಫಲ? ಒಡಲಿನ ಈ ದೃಢತೆಗೆ ಕೋಷ್ಟಕದಲ್ಲಿ ಸಾಲೇ ಇಲ್ಲ. ಲೀಟರಿನ ಡಿಕ್ಕಿ ಜಾಗ, ಮಿಲಿಮೀಟರಿನ ಉದ್ದಗಲಗಳೆಲ್ಲ ಇವೆ. ಪ್ರಾಣಕ್ಕೆ ಸಂಬಂಧಿಸಿದ ಅಳತೆ ಮಾತ್ರ ಕಾಣದು.

ಕೋಷ್ಟಕವನ್ನು ಸುಧಾರಿಸಲು ಬರುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 2019ರ ಜುಲೈನಿಂದ ಚಾಲಕನ ಏರ್‌ಬ್ಯಾಗ್, 2021ರ ಕೊನೆಯಿಂದ ಮುಂದಿನ ಪ್ರಯಾಣಿಕನ ಏರ್‌ಬ್ಯಾಗ್ ಭಾರತದಲ್ಲಿ ಕಡ್ಡಾಯವಾದವು. 2024ರ ಮೇನಲ್ಲಿ ಬಂದ ಮಾರುತಿ ಸ್ವಿಫ್ಟ್‌ನಲ್ಲಿ ಅತಿ ಅಗ್ಗದ ಮಾದರಿಗೂ ಆರು ಏರ್‌ಬ್ಯಾಗ್ ಇದ್ದವು. 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಮೌಲ್ಯಮಾಪನ ಜಾರಿಯಲ್ಲಿದೆ. ಆದರೆ ಅದು ಸ್ವಯಂಪ್ರೇರಿತ, ಕಡ್ಡಾಯವಲ್ಲ.

ನಕ್ಷತ್ರಗಳನ್ನೂ ಕಣ್ಣು ಮುಚ್ಚಿ ನಂಬಬೇಕಿಲ್ಲ. 2018ರಲ್ಲಿ ಎರಡು ನಕ್ಷತ್ರ ಪಡೆದಿದ್ದ ಅಂದಿನ ಸ್ವಿಫ್ಟ್ 2022ರಲ್ಲಿ ಒಂದಕ್ಕೆ ಇಳಿಯಿತು. ನಡುವೆ ಪರೀಕ್ಷೆಯ ನಿಯಮಗಳು ಕಠಿಣವಾಗಿದ್ದವು. ಆದ್ದರಿಂದ ಯಾವ ವರ್ಷ, ಯಾವ ಮಾದರಿ, ಯಾವ ನಿಯಮ ಎಂದು ಕೇಳಿಯೇ ಹೋಲಿಸಬೇಕು.

ಶಿಕ್ಷಕರು ಇದನ್ನು ತರಗತಿಯ ಚಟುವಟಿಕೆಯಾಗಿ ಮಾಡಬಹುದು. ಯಾವುದಾದರೂ ಕಾರಿನ ಕೋಷ್ಟಕವನ್ನು ತನ್ನಿ. ಪ್ರತಿ ಸಾಲಿನ ಮುಂದೆ ಮೂರರಲ್ಲಿ ಒಂದನ್ನು ಬರೆಯಲು ಹೇಳಿ: ಅಪಘಾತ ತಪ್ಪಿಸುವುದು, ಅಪಘಾತದಲ್ಲಿ ಕಾಪಾಡುವುದು, ಅಂದ ಅಥವಾ ಅನುಕೂಲ. ಚಕ್ರ ಬಿಗಿದು ಜಾರದಂತೆ ತಡೆದು, ಬ್ರೇಕ್ ಒತ್ತಿದಾಗಲೂ ಕಾರನ್ನು ತಿರುಗಿಸಲು ಬಿಡುವ ಎ.ಬಿ.ಎಸ್. ಮೊದಲ ಗುಂಪಿಗೆ, ಬೆಲ್ಟ್ ಎರಡನೆಯದಕ್ಕೆ, ಅಲಾಯ್ ಚಕ್ರ ಮೂರನೆಯದಕ್ಕೆ. ಹಿಂಗಾಜಿನ ವೈಪರ್ ಯಾವ ಗುಂಪಿಗೆ ಸೇರುತ್ತದೆ? ಮಳೆಗಾಲದ ಮಲೆನಾಡಿನ ರಸ್ತೆಯನ್ನು ನೆನೆದು ಮಕ್ಕಳೇ ವಾದಿಸಲಿ. ಕೊನೆಗೆ, ದುಬಾರಿ ಮಾದರಿಗೆ ತೆರುವ ಹೆಚ್ಚಿನ ಹಣ ಯಾವ ಗುಂಪಿಗೆ ಹೋಗುತ್ತಿದೆ ಎಂದು ಲೆಕ್ಕ ಹಾಕಿಸಿ.