ದೃಷ್ಟಾಂತವೂ ಸಿದ್ಧಾಂತವೂ: ಪೀಟರ್ ಸಿಂಗರ್ ಅವರ ಒಂದು ಅಧ್ಯಾಯ

ಪ್ರಾಣಿದಯೆಗಾಗಿ ಕಾನೂನನ್ನು ಮೀರಬಹುದೆ? ಈ ಪ್ರಶ್ನೆಯು ನನ್ನಲ್ಲಿಗೆ ಮೊದಲು ಬಂದುದು ಗ್ರಂಥದಿಂದಲ್ಲ, ಶಾಲೆಯ ಜಗಲಿಯಿಂದ. ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬನು, ನೆರೆಮನೆಯವರು ಕೋಳಿ ಅಂಕಕ್ಕೆಂದು ಸಾಕಿದ್ದ ಹುಂಜದ ಹಗ್ಗವನ್ನು ರಾತ್ರಿ ಬಿಚ್ಚಿ, ಅದನ್ನು ಗುಡ್ಡೆಗೆ ಅಟ್ಟಿಬಿಟ್ಟನು. ಬೆಳಗಾಗುವಾಗ ಹುಂಜವು ತಾನಾಗಿಯೇ ಅಂಗಳಕ್ಕೆ ಮರಳಿತ್ತು. ಅಷ್ಟರಲ್ಲಿ ಆ ಮನೆಯ ಕೆಲಸದ ಆಳು ಕಳ್ಳನೆನಿಸಿಕೊಂಡು ಪೆಟ್ಟು ತಿಂದಾಗಿತ್ತು. ಮೂರನೆಯ ದಿನ ಹುಡುಗನು ನನ್ನ ಕೊಠಡಿಗೆ ಬಂದು, "ನಾನು ಮಾಡಿದ್ದು ಸರಿಯೋ ತಪ್ಪೋ ಸರ್?" ಎಂದು ಕೇಳಿದನು. ಅಂಕವೇ ಕಾಯಿದೆಗೆ ವಿರುದ್ಧವಾದುದು. ಹುಂಜದ ಕಾಲಿಗೆ ಚೂರಿ ಕಟ್ಟುವ ಕ್ರೌರ್ಯವನ್ನು ನಾನೂ ಕಂಡವನು. ಕೂಡಲೇ ಉತ್ತರ ಹೇಳಲಾರದೆ ಹೋದೆ.

ಉತ್ತರವನ್ನು ಅರಸುತ್ತ ಓದಿದ ಗ್ರಂಥಗಳಲ್ಲಿ ಆಸ್ಟ್ರೇಲಿಯದ ತತ್ತ್ವಜ್ಞಾನಿ ಪೀಟರ್ ಸಿಂಗರ್ ಅವರ 'ಪ್ರಾಕ್ಟಿಕಲ್ ಎಥಿಕ್ಸ್' ಒಂದು. 1975ರಲ್ಲಿ 'ಅನಿಮಲ್ ಲಿಬರೇಶನ್' ಬರೆದು ಪ್ರಾಣಿಗಳ ಪರವಾದ ಚಳವಳಿಗೆ ತಾತ್ತ್ವಿಕ ಬುನಾದಿ ಹಾಕಿದವರು ಇವರೇ. 'ಪ್ರಾಕ್ಟಿಕಲ್ ಎಥಿಕ್ಸ್' ಮೊದಲು ಪ್ರಕಟವಾದುದು 1979ರಲ್ಲಿ. 1993ರ ಎರಡನೆಯ ಆವೃತ್ತಿಯಲ್ಲಿ ಸಾಧ್ಯ-ಸಾಧನಗಳನ್ನು ಕುರಿತ ಅಧ್ಯಾಯವು ನಮ್ಮ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತದೆ. ಅದರ ಪರಿಶೀಲನೆಯೇ ಈ ಲೇಖನದ ಉದ್ದೇಶ.

ಅಧ್ಯಾಯದ ಗುಣವನ್ನು ಮೊದಲು ಹೇಳಬೇಕು. ಕಾನೂನು ಮೀರಿದವನು ಪಾಪಿ ಎಂದಾಗಲಿ, ಅಂತರಾತ್ಮದ ಕರೆಗೆ ಕಾನೂನೇ ಇಲ್ಲ ಎಂದಾಗಲಿ ಸಿಂಗರ್ ಹಾರಿಕೆಯ ತೀರ್ಪು ಕೊಡುವುದಿಲ್ಲ. ಭಿನ್ನಾಭಿಪ್ರಾಯಗಳನ್ನು ಶಾಂತಿಯಿಂದ ಬಗೆಹರಿಸುವ ಒಂದು ವ್ಯವಸ್ಥೆ ಇರುವುದೇ ಕಾನೂನನ್ನು ಪಾಲಿಸಲು ಬಲವಾದ ಕಾರಣ ಎಂದು ಒಪ್ಪುತ್ತಾರೆ. ಬಹುಮತವು ವಿಷಯವನ್ನು ಅರಿಯದೆ ತೀರ್ಮಾನಿಸಿರುವಲ್ಲಿ, ಅದನ್ನು ಮರುವಿಚಾರಕ್ಕೆ ಒಡ್ಡುವ ಕಾನೂನುಭಂಗವು ಪ್ರಜಾಪ್ರಭುತ್ವಕ್ಕೆ ವಿರೋಧಿಯಲ್ಲ ಎನ್ನುತ್ತಾರೆ. ಅಂಥವನು ಹಿಂಸೆಯನ್ನು ಬಿಟ್ಟು, ಬಯಲಿನಲ್ಲಿ ನಿಂತು, ದಂಡನೆಯನ್ನು ಸ್ವೀಕರಿಸಿದರೆ ಅವನ ಪ್ರಾಮಾಣಿಕತೆ ಸಿದ್ಧವಾಗುತ್ತದೆ. 1922ರಲ್ಲಿ ಅಹಮದಾಬಾದಿನ ನ್ಯಾಯಾಲಯದಲ್ಲಿ ಗಾಂಧೀಜಿಯವರು ಅತ್ಯಧಿಕ ಶಿಕ್ಷೆಯನ್ನೇ ಬೇಡಿದುದನ್ನು ಬಲ್ಲ ನಮಗೆ ಈ ಮಾತು ಹೊಸದಲ್ಲ.

ದೋಷವಿರುವುದು ದೃಷ್ಟಾಂತದಲ್ಲಿ. ಅಧ್ಯಾಯದ ಆರಂಭದಲ್ಲಿ ನಾಜಿ ಆಳ್ವಿಕೆಯಲ್ಲಿ ಯೆಹೂದ್ಯರನ್ನು ಉಳಿಸಿದ ಆಸ್ಕರ್ ಶಿಂಡ್ಲರನ ಕಥೆಯಿದೆ. ಅದರ ಬೆನ್ನಿಗೆ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಪ್ರಸಂಗ. 1984ರ ಮೇ ತಿಂಗಳಲ್ಲಿ 'ಅನಿಮಲ್ ಲಿಬರೇಶನ್ ಫ್ರಂಟ್' ಎಂಬ ಗುಪ್ತ ಕೂಟದವರು ಅಲ್ಲಿನ ಪ್ರಯೋಗಶಾಲೆಗೆ ನುಗ್ಗಿದರು. ಬಬೂನ್ ಕೋತಿಗಳ ತಲೆಗೆ ಯಂತ್ರದಿಂದ ಆಘಾತ ಕೊಟ್ಟು ಮಿದುಳಿನ ಗಾಯವನ್ನು ಅಭ್ಯಸಿಸುತ್ತಿದ್ದ ಸ್ಥಳ ಅದು. ಸಂಶೋಧಕರೇ ಚಿತ್ರಿಸಿಟ್ಟಿದ್ದ 60 ಗಂಟೆಗೂ ಮಿಕ್ಕಿದ ವೀಡಿಯೊ ಸುರುಳಿಗಳು ನುಗ್ಗಿದವರ ಕೈಸೇರಿದವು. ಅರಿವಳಿಕೆ ಸಾಲದ ಪ್ರಾಣಿಯ ಹೊರಳಾಟವೂ, ಪಕ್ಕದಲ್ಲಿ ನಿಂತವರ ನಗೆಯೂ ಅವುಗಳಲ್ಲಿದ್ದುವು. 1985ರಲ್ಲಿ ಸರಕಾರವು ಆ ಪ್ರಯೋಗದ ಧನಸಹಾಯವನ್ನು ತಡೆಹಿಡಿಯಿತು.

ಶಿಂಡ್ಲರನ ನಾಡಿನಲ್ಲಿ ನ್ಯಾಯದ ಬಾಗಿಲೇ ಮುಚ್ಚಿತ್ತು. ಪೆನ್ಸಿಲ್ವೇನಿಯದಲ್ಲಿ ಪತ್ರಿಕೆ, ಶಾಸನಸಭೆ, ನ್ಯಾಯಾಲಯಗಳು ತೆರೆದಿದ್ದುವು. ಈ ವ್ಯತ್ಯಾಸವನ್ನು ಸಿಂಗರ್ ಅರಿಯದವರಲ್ಲ. ಆದರೂ ಮೊದಲ ಕಥೆಯಿಂದ ಕರಗಿದ ವಾಚಕನ ಮನಸ್ಸು ಎರಡನೆಯ ಕಥೆಯನ್ನು ತೂಗುವ ಮೊದಲೇ ಒಪ್ಪಿಬಿಟ್ಟಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಸುಕು ಹಾಕಿ ನುಗ್ಗಿದವರು ಗ್ರಂಥಕಾರರೇ ಹೇಳಿದ ಲಕ್ಷಣಕ್ಕೆ ಒಳಪಡುವುದಿಲ್ಲ. ಅವರು ತಂದ ಸತ್ಯವು ಬಯಲಿಗೆ ಬಂದಿತು, ತಂದವರು ಬರಲಿಲ್ಲ.

ಸುರುಳಿಗಳನ್ನು ಬೇರೆ ದಾರಿಯಿಂದ ಪಡೆಯುವುದು ಸಾಧ್ಯವಿತ್ತೆ ಎಂದು ಕೇಳಬಹುದು. ಆಕ್ಷೇಪವು ಗಟ್ಟಿಯಾದುದೇ. ಆದರೆ ಇಂಗ್ಲೆಂಡಿನ ಒಂದು ಹಳೆಯ ಉದಾಹರಣೆ ಇಲ್ಲಿ ಸ್ಮರಣೀಯ. ಸ್ವೀಡನ್ನಿನಿಂದ ಬಂದ ಇಬ್ಬರು ಮಹಿಳೆಯರು ಲಂಡನ್ನಿನಲ್ಲಿ ವಿದ್ಯಾರ್ಥಿನಿಯರಾಗಿ ಸೇರಿ, ಕಂದು ನಾಯಿಯೊಂದರ ಮೇಲೆ ನಡೆದ ಪ್ರಯೋಗವನ್ನು ಕಂಡು, 1903ರಲ್ಲಿ ತಮ್ಮ ಹೆಸರಿಟ್ಟು ಗ್ರಂಥ ಪ್ರಕಟಿಸಿದರು. ಸೇರುವಾಗ ಅವರು ಉದ್ದೇಶವನ್ನು ಹೇಳಿಕೊಳ್ಳಲಿಲ್ಲ, ನಿಜ. ಆದರೆ ಮಾನನಷ್ಟದ ಮೊಕದ್ದಮೆ ನಡೆದಾಗ ಸಾಕ್ಷಿಕಟ್ಟೆ ಹತ್ತಿ ಪಾಟೀಸವಾಲಿಗೆ ಒಡ್ಡಿಕೊಂಡರು. ಅವರ ಪಕ್ಷ ಸೋತಿತು. ಆದರೂ ಪ್ರಶ್ನೆ ಸಾಯಲಿಲ್ಲ. 1906ರಲ್ಲಿ ರಾಯಲ್ ಕಮಿಷನ್ ನೇಮಕವಾಯಿತು.

ಮರೆಯ ಮಾರ್ಗವು ಎಲ್ಲಿಗೆ ಒಯ್ಯಬಲ್ಲುದೆಂಬುದಕ್ಕೆ ಅದೇ ಇಂಗ್ಲೆಂಡು ಸಾಕ್ಷಿ. ಸ್ಟಾಫರ್ಡ್‌ಶೈರಿನಲ್ಲಿ ಪ್ರಯೋಗಕ್ಕೆಂದು ಗಿನಿಪಿಗ್ ಸಾಕುತ್ತಿದ್ದ ಕುಟುಂಬವೊಂದನ್ನು ವರ್ಷಗಟ್ಟಲೆ ಕಾಡಿ, ಕೊನೆಗೆ 2004ರಲ್ಲಿ ಆ ಮನೆಯವರ ಬಂಧುವಾಗಿದ್ದ ವೃದ್ಧೆಯ ಗೋರಿಯನ್ನು ಅಗೆದು ಶವವನ್ನು ಕದ್ದೊಯ್ದರು. 2005ರಲ್ಲಿ ಕುಟುಂಬದವರು ಆ ಕಸುಬನ್ನೇ ಬಿಡುವುದಾಗಿ ಸಾರಿದರು. ಫಲವನ್ನು ಮಾತ್ರ ನೋಡುವುದಾದರೆ ಇದೂ ಗೆಲುವೇ! ಇಂಥ ಭೀತಿಯ ಮಾರ್ಗವನ್ನು ಸಿಂಗರ್ ಒಪ್ಪುವವರಲ್ಲ. ಆದರೆ ಪೆನ್ಸಿಲ್ವೇನಿಯದ ದಾಳಿಯನ್ನು ಅದರ ಫಲದಿಂದಲೇ ಮೆಚ್ಚಿದ ವಾಚಕನಿಗೆ ಇವೆರಡನ್ನು ಬೇರ್ಪಡಿಸುವ ಗೆರೆ ಎಲ್ಲಿ ಸಿಕ್ಕೀತು? ಒಂದು ಕೃತ್ಯವು ಜನರ ಮುಂದೆ ಸಾಕ್ಷ್ಯವನ್ನಿಟ್ಟಿತು. ಇನ್ನೊಂದು ಬರಿಯ ಭಯವನ್ನಿಟ್ಟಿತು. ಗೆರೆ ಇರುವುದು ಇಲ್ಲಿ.

ಅಧ್ಯಾಯಕ್ಕೆ ತಕ್ಕ ದೃಷ್ಟಾಂತವು ಸಿಂಗರ್ ಅವರ ಸ್ವದೇಶದಲ್ಲಿಯೇ ಹುಟ್ಟಿತು. 1993ರಲ್ಲಿ ಪ್ಯಾಟಿ ಮಾರ್ಕ್ ಎಂಬ ಮಹಿಳೆಯು ಆಸ್ಟ್ರೇಲಿಯದಲ್ಲಿ ಮುಖ ಮರೆಸದೆ ಕೋಳಿಸಾಕಣೆಯ ಶೆಡ್ಡುಗಳನ್ನು ಹೊಕ್ಕು, ಬಳಲಿದ ಕೋಳಿಗಳನ್ನು ಹೊರತಂದು, ತಾನೇ ಮಾಡಿದೆನೆಂದು ಸಾರುವ ಪದ್ಧತಿಯನ್ನು ಆರಂಭಿಸಿದಳು. ಅದೇ ಹಾದಿಯಲ್ಲಿ ನಡೆದು ಅಮೆರಿಕದ ಯೂಟಾದಲ್ಲಿ ಎರಡು ಹಂದಿಮರಿಗಳನ್ನು ಒಯ್ದ ಇಬ್ಬರನ್ನು 2022ರಲ್ಲಿ ಜೂರಿಯು ನಿರ್ದೋಷಿಗಳೆಂದಿತು; ಅವರಲ್ಲೊಬ್ಬರನ್ನು 2023ರಲ್ಲಿ ಕ್ಯಾಲಿಫೋರ್ನಿಯದ ಜೂರಿಯು ಬೇರೊಂದು ಪ್ರಕರಣದಲ್ಲಿ ತಪ್ಪಿತಸ್ಥರೆಂದಿತು. ಗೆದ್ದರೂ ಸೋತರೂ ನಾಡಿನ ಪ್ರಜೆಗಳು ಕುಳಿತು ಪ್ರಾಣಿಯ ನೋವನ್ನು ವಿಚಾರಿಸಬೇಕಾಯಿತು. ಸಿಂಗರ್ ಬಯಸಿದ ಮರುವಿಚಾರವೆಂದರೆ ಇದೇ.

ಆದಕಾರಣ ಈ ಅಧ್ಯಾಯದಲ್ಲಿ ಸಿದ್ಧಾಂತವು ದೃಷ್ಟಾಂತಕ್ಕಿಂತ ಮೇಲಾದುದು ಎಂಬುದು ನನ್ನ ಅಭಿಪ್ರಾಯ. ಉಪಾಧ್ಯಾಯ ಬಂಧುಗಳು ಇದನ್ನು ಓದಬೇಕು. ಓದುವಾಗ ಕಥೆಯನ್ನು ಲಕ್ಷಣಕ್ಕೆ ಒರೆಹಚ್ಚಬೇಕು.

ನಮ್ಮ ಹುಡುಗನಿಗೆ ನಾನು ಕೊನೆಗೆ ಹೇಳಿದುದಿಷ್ಟು: "ಹಗ್ಗ ಬಿಚ್ಚಿದ ತಪ್ಪನ್ನು ಆಮೇಲೆ ವಿಚಾರಿಸೋಣ. ಮೂರು ದಿನ ಬಾಯಿ ಬಿಡದೆ ಇದ್ದೆಯಲ್ಲ, ಆ ಪೆಟ್ಟು ಯಾರ ಬೆನ್ನಿಗೆ ಬಿತ್ತು?" ಅವನು ಆ ಸಂಜೆ ಒಬ್ಬನೇ ನೆರೆಮನೆಗೆ ಹೋದನು, ಮರುದಿನ ಕೆನ್ನೆ ಊದಿಸಿಕೊಂಡು ತರಗತಿಗೆ ಬಂದನು. ಹುಂಜವು ಮುಂದೆಯೂ ಅಂಕಕ್ಕೆ ಹೋಯಿತೆಂದು ಕೇಳಿದ್ದೇನೆ. ಆದರೆ ಅಂಕವು ತಪ್ಪೆಂಬ ಮಾತನ್ನು ಆ ಅಂಗಳದಲ್ಲಿ ಒಬ್ಬನು ಮುಖವೆತ್ತಿ ಹೇಳಿದುದು ಅದೇ ಮೊದಲು.